ಸೆಲ್ವಿಯ ಲಕಾರ

ಸೆಲ್ವಿ ತೀರಿಕೊಂಡ ಮೇಲೆ ಅವಳ ಬಗ್ಗೆ ಮಾತಾಡಿದವರಲ್ಲಿ ಹೆಚ್ಚಿನವರು "ಪಾಪ, ಕಷ್ಟಜೀವಿ" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಅವಳಿಗೂ ಹಿಡಿಸುತ್ತಿರಲಿಲ್ಲ. ಕೆಲಸದಲ್ಲಿ ಅವಳು ಪಕ್ಕದವರಿಗಿಂತ ಚುರುಕು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಾಲ್ಕು ಜನ ನೋಡಲಿ ಎಂಬ ಜಂಭವೂ ಇತ್ತು. ಅಂಥವಳನ್ನು ಒಂದು ಕಚೇರಿ ತಿಂಗಳುಗಟ್ಟಲೆ ಕೆಲಸಗಳ್ಳಿ ಎಂದು ಬರೆದಿಟ್ಟುಕೊಂಡಿತ್ತು. ಒಂದೇ ಒಂದು ಅಕ್ಷರವನ್ನು ತಪ್ಪಾಗಿ ಕೇಳಿಸಿಕೊಂಡು ಹಾಗೆ ಬರೆದಿತ್ತು. ಅವರು ಬರೆದದ್ದೊಂದೇ ಉಳಿಯಬಾರದು ಎಂದು ನಾನು ಇದನ್ನು ಬರೆಯುತ್ತಿದ್ದೇನೆ.

ಉರಿಗಾಂ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಅಪ್ಪ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದರು. ಮನೆ ಅಲ್ಲಿಯ ಲೈನಿನಲ್ಲಿ, ಗಣಿಯವರಿಗೆಂದು ಸಾಲಾಗಿ ಕಟ್ಟಿದ, ನಡು ಬಗ್ಗಿಸಿ ಒಳಹೋಗುವ ಮನೆಗಳಲ್ಲಿ ಒಂದು. ಮನೆಯೊಳಗೆ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಕಡೆ ಇದು ವಿಶೇಷವಲ್ಲ. ಒಂದು ಮಾತು ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳು ಇದನ್ನು ಕೇಳಿ ನಗುತ್ತಾರೆ. ಒಂದೇ ಭಾಷೆ ಬರುವವರಿಗೆ ನಗು ಬೇಗ ಬರುತ್ತದೆ.

ನಾನು ಓದಿ ಬಂಗಾರಪೇಟೆಯಲ್ಲಿ ಕನ್ನಡ ಟೀಚರಾದೆ. ಅವಳು ಓದು ಬಿಟ್ಟು ಮೊದಲು ಊದುಬತ್ತಿ ಹೊಸೆದಳು. ಗಣಿ ಮುಚ್ಚಿದ ಮೇಲೆ ಲೈನಿನ ಅರ್ಧ ಜನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿಬರತೊಡಗಿದರು. ಸೆಲ್ವಿ ಮಾತ್ರ ಹತ್ತಿರದಲ್ಲೇ ಒಂದು ಕಾರ್ಖಾನೆ ಹಿಡಿದಳು. ಕಾರಿನ ಒಳಗೆ ದೀಪಕ್ಕೆ, ಹಾರನ್ನಿಗೆ, ಎಲ್ಲಕ್ಕೂ ಹೋಗುವ ತಂತಿಗಳನ್ನು ಹಲಗೆಯ ಮೇಲೆ ಹರಡಿ, ಟೇಪು ಸುತ್ತಿ ಕಟ್ಟು ಮಾಡುವ ಕೆಲಸ. ಬೇತಮಂಗಲದ ಕಡೆಯ ಮುನಿರಾಜ್‌ನನ್ನು ಮದುವೆಯಾದಳು. ಅವನದು ಸಾಮಾನು ಸಾಗಿಸುವ ಆಟೋ. ರಸ್ತೆಯಲ್ಲಿ ಯಾವುದಾದರೂ ಕಾರು ಹೋದರೆ ಅವಳು ಅವನಿಗೆ, "ನೋಡು, ನನ್ನ ಕೈ ಓಗ್ತಾ ಐತೆ," ಅನ್ನುತ್ತಿದ್ದಳು. ಅವನು, "ಬ್ರೇಕ್ ಇಡೀತದೋ ಇಲ್ವೋ ಅವ್ನಿಗೆ," ಅನ್ನುತ್ತಿದ್ದ.

ಹೋದ ವರ್ಷ ಆಯುಧಪೂಜೆಯ ದಿನ ಕಾರ್ಖಾನೆಯವರು ಹಲಗೆಗಳಿಗೆಲ್ಲ ಕುಂಕುಮ ಹಚ್ಚಿಸಿ, ಕಡ್ಲೆಪುರಿಯ ಜೊತೆಗೆ ಸ್ವೀಟ್ ಡಬ್ಬಿ ಹಂಚಿದರು. ರಜೆ ಮುಗಿಸಿ ಹೆಂಗಸರು ಹೋದಾಗ ಗೇಟಿಗೆ ಬೀಗ. ಪೂಜೆಯ ಬೂದುಗುಂಬಳಕಾಯಿ ಇನ್ನೂ ಬಾಗಿಲಲ್ಲೇ ಒಡೆದು ಬಿದ್ದಿತ್ತಂತೆ. ಇಷ್ಟು ಭಕ್ತಿಯಿಂದ ಜನರನ್ನು ಬೀದಿಗೆ ಹಾಕಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ಸಂಬಳದಲ್ಲಿ ವರ್ಷಗಟ್ಟಲೆ ವಿಮೆಗೆಂದು ಹಿಡಿದುಕೊಂಡಿದ್ದರಿಂದ, ಕೆಲಸ ಹೋದವರಿಗೆ ಕೆಲವು ತಿಂಗಳು ಭತ್ಯೆ ಎಂಬುದೊಂದು ಇತ್ತು. ಅದನ್ನು ಕೊಡುವ ಕಚೇರಿಯನ್ನು ಲೈನಿನವರು ಭತ್ಯೆ ಆಫೀಸು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಭತ್ಯೆ ಸೆಲ್ವಿಗೆ ಬೇಕಿತ್ತು. ಆದರೆ ಅವಳ ಕಣ್ಣು ಇದ್ದದ್ದು ಬೇರೆಯದರ ಮೇಲೆ. ಕೋಲಾರದ ರಸ್ತೆಯಲ್ಲಿ ಹೊಸ ಕಾರ್ಖಾನೆಯೊಂದು ಏಳುತ್ತಿತ್ತು, ಅಲ್ಲೂ ಅದೇ ತಂತಿ ಕಟ್ಟುವ ಕೆಲಸ. ಆ ಕಾರ್ಖಾನೆ ಭತ್ಯೆ ಆಫೀಸು ಕೊಟ್ಟ ಪಟ್ಟಿಯಿಂದಲೇ ಹೆಂಗಸರನ್ನು ತೆಗೆದುಕೊಳ್ಳುತ್ತದೆ ಎಂದು ಮಾತಾಗಿತ್ತು. ಪಟ್ಟಿಯಲ್ಲಿ ಹೆಸರು ಬರಬೇಕು, ಮತ್ತೆ ತಂತಿಯ ಹಲಗೆಯ ಮುಂದೆ ನಿಲ್ಲಬೇಕು. ನಲವತ್ತು ದಾಟಿದವಳಿಗೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಪಟ್ಟಿಗೆ ಬರಬೇಕಾದರೆ ಕೆಲಸ ಹುಡುಕುತ್ತಿದ್ದೇನೆ ಎಂದು ಪ್ರತಿವಾರ ತೋರಿಸಬೇಕಿತ್ತು. ಆಫೀಸಿನವರ ಆ್ಯಪು ಅವಳಿಗೆ ರಾಜಸ್ಥಾನದಲ್ಲಿ ಕ್ರೇನ್ ಓಡಿಸುವ ಕೆಲಸವನ್ನೂ, ಸೂರತ್ತಿನಲ್ಲಿ ವಜ್ರ ಉಜ್ಜುವ ಕೆಲಸವನ್ನೂ ತೋರಿಸಿತು. ಆದ್ದರಿಂದ ಅವಳು ರಾಬರ್ಟ್‌ಸನ್ ಪೇಟೆಯ ಅಂಗಡಿ ಅಂಗಡಿಗೆ ಹೋಗಿ, "ಕೆಲ್ಸ ಐತಾ? ಇಲ್ಲಾಂದ್ರೆ ಇಲ್ಲಾಂತ ಸೀಲ್ ಆಕ್ಕೊಡಿ," ಎಂದು ಕೇಳಬೇಕಾಯಿತು. ಒಂದು ದಿನ ನಾನೂ ಜೊತೆಗಿದ್ದೆ. ಹಿಟ್ಟಿನ ಗಿರಣಿಯ ಪಾಪಕ್ಕ ರಾಗಿ ಹಿಟ್ಟು ಮೆತ್ತಿದ ಕೈಯಲ್ಲೇ ಸೀಲು ಎತ್ತಿಕೊಂಡಳು.

"ಏನಮ್ಮೇ ಸೆಲ್ವಿ, ಕೆಲ್ಸ ಇಲ್ಲ ಅಂತ ಸೀಲ್ ಒತ್ತೋದೇ ನಂಗೊಂದು ಕೆಲ್ಸ ಆಗೋಯ್ತು. ಇದ್ಕೊಂದು ಆಳು ಮಡಿಕ್ಕಬೇಕು. ನೀನೇ ಬತ್ತೀಯಾ?"

"ಬತ್ತೀನಿ ಪಾಪಕ್ಕ. ಆದ್ರೆ ನಾನು ಕೆಲ್ಸಕ್ಕೆ ಬಂದ್ರೆ ಭತ್ಯೆ ನಿಂತೋಯ್ತದೆ. ಭತ್ಯೆ ನಿಂತ್ರೆ ಸೀಲ್ ಬೇಡ. ಸೀಲ್ ಬೇಡಾಂದ್ರೆ ಆಳೂ ಬೇಡ."

"ಅಂಗಂದ್ರೆ ಬಂದ ದಿನವೇ ನಿನ್ನ ಬಿಡಿಸ್ಬೇಕಾ?"

"ಬಿಡಿಸಿ, ಸೀಲ್ ಆಕ್ಕೊಡು."

ಪಾಪಕ್ಕ ನಕ್ಕು ಸೀಲು ಒತ್ತಿದಳು. ಆಫೀಸಿನಲ್ಲಿ ಯಾರೂ ಆ ಸೀಲುಗಳನ್ನು ಓದುತ್ತಿರಲಿಲ್ಲ, ಎಣಿಸುತ್ತಿದ್ದರು ಅಷ್ಟೆ.

ತಪ್ಪು ನಡೆದದ್ದು ಒಂದು ಭಾನುವಾರ, ನೀರು ಬಂದ ಹೊತ್ತಿನಲ್ಲಿ. ಬೇತಮಂಗಲದ ಕೆರೆಯ ನೀರು ಲೈನಿಗೆ ಯಾವಾಗ ಬಿಡುತ್ತಾರೋ ಹೇಳಲಾಗದು, ಬಿಟ್ಟಾಗ ಮನೆಯಲ್ಲಿರುವ ಚೊಂಬೂ ಬೀದಿಗೆ ಬರುತ್ತದೆ. ನಾನು ಅವಳ ಬಾಗಿಲಲ್ಲಿ ಕೂತಿದ್ದೆ. ಅವಳು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಕೊಡ ಹಿಡಿದಿದ್ದಳು. ಯಾವುದೋ ಊರಿನ ಹುಡುಗಿಯೊಬ್ಬಳು ಆಫೀಸಿನ ಪರವಾಗಿ ಕರೆಮಾಡಿದ್ದಳು. ಈಗ ನಿಮ್ಮ ಪರಿಸ್ಥಿತಿ ಏನು, ಸೋಮವಾರದಿಂದ ಬಂಗಾರಪೇಟೆಯಲ್ಲಿ ತರಬೇತಿ ಶುರು, ಬರುತ್ತೀರಾ ಎಂದು ಎರಡು ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಿದಳಂತೆ. ಸೆಲ್ವಿ ಮೊದಲನೆಯದಕ್ಕೆ ಉತ್ತರ ಕೊಟ್ಟಳು. "ವೇಲೆ ಇಲ್ಲಮ್ಮ," ಅಂದಳು. ಆಮೇಲೆ ಪಕ್ಕದವಳ ಕೊಡ ತನ್ನದಕ್ಕಿಂತ ಮುಂದೆ ಬಂದದ್ದು ಕಂಡು, "ವೇಲೆ ಇಲ್ಲ, ವೇಲೆ ಇಲ್ಲ," ಎಂದು ಅವಸರದಲ್ಲಿ ಇನ್ನೆರಡು ಸಲ ಅಂದಳು. ಕರೆ ಮುಗಿಯಿತು.

ವೇಲೆ ಅಂದರೆ ತಮಿಳಿನಲ್ಲಿ ಕೆಲಸ. ಕೆಲಸವಿಲ್ಲ ಅಂದಳು. ಮಾತೆಲ್ಲ ಕನ್ನಡದಲ್ಲಿದ್ದು ಆ ಒಂದು ಪದ ತಮಿಳಿನದು ಎಂಬುದು ನಮ್ಮ ಕಿವಿಗೆ ತಟ್ಟುವುದೇ ಇಲ್ಲ. ಆ ಕಡೆಯ ಹುಡುಗಿಗೆ ಕೇಳಿಸಿದ್ದು ವೇಳೆ. ಆಫೀಸಿನಲ್ಲಿ ದಾಖಲಾದದ್ದು ಹೀಗೆ: "ವೇಳೆ ಇಲ್ಲವೆಂದು ಮೂರು ಬಾರಿ ಹೇಳಿ ತರಬೇತಿ ನಿರಾಕರಿಸಿದ್ದಾರೆ." ಮೂರು ಬಾರಿ ಎಂಬುದನ್ನು ಎಷ್ಟು ನಿಷ್ಠೆಯಿಂದ ಬರೆದುಕೊಂಡಿದ್ದರು. ನಿರಾಕರಿಸಿದವರಿಗೆ ಭತ್ಯೆ ಇಲ್ಲ. ಪಟ್ಟಿಯಲ್ಲೂ ಜಾಗವಿಲ್ಲ.

ನಾವು ಆಫೀಸಿಗೆ ಹೋದೆವು. ಬೆಳಿಗ್ಗೆ ಬೆಂಚಿನ ಮೇಲೆ ಕೂತವರನ್ನು ಊಟದ ಹೊತ್ತು ಕಳೆದ ಮೇಲೆ ಒಳಗೆ ಕರೆದರು. ಅಲ್ಲಿಯ ಗುಮಾಸ್ತರ ಹೆಸರು ಮೂರ್ತಿ. ತುಂಬಾ ಮರ್ಯಾದೆಯ ಮನುಷ್ಯ. ಆ ಮರ್ಯಾದೆಯಿಂದ ಯಾರಿಗೂ ಮೂರು ಕಾಸಿನ ಉಪಕಾರ ಆದದ್ದು ನಾನು ಕಾಣಲಿಲ್ಲ.

"ನೀವೇ ಹೇಳಿದ್ದೀರಲ್ಲಮ್ಮ, ವೇಳೆ ಇಲ್ಲ ಅಂತ. ರೆಕಾರ್ಡಿಂಗ್ ಇದೆ."

"ನಾನು ವೇಲೆ ಅಂದಿದ್ದು ಸಾರ್."

"ಅದನ್ನೇ ನಾನೂ ಹೇಳ್ತಿರೋದು. ವೇಳೆ."

"ವೇಳೆ ಅಲ್ಲ ಸಾರ್. ವೇಲೆ."

"ಏನು ವ್ಯತ್ಯಾಸ?"

ನಾನು ಅವರ ಮೇಜಿನ ಮೇಲಿದ್ದ ಹಳೆಯ ಲಕೋಟೆಯ ಬೆನ್ನಿಗೆ ಲ ಮತ್ತು ಳ ಎರಡನ್ನೂ ಬರೆದು, ಒಂದು ತಮಿಳಿನ ಕೆಲಸ, ಇನ್ನೊಂದು ಕನ್ನಡದ ಸಮಯ ಎಂದು ಹೇಳಿದೆ. ಅವರು ಲಕೋಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮೇಡಂ ಟೀಚರಾ? ಇದು ಕ್ಲಾಸಲ್ಲಿ ಚೆನ್ನಾಗಿರುತ್ತೆ. ಇಲ್ಲಿ ನೋಡಿ, ಕರೆ ಬಂದಾಗ ಕನ್ನಡಕ್ಕೆ ಒಂದು ಒತ್ತಿ ಅಂತ ಬರುತ್ತೆ. ಇವರು ಒಂದು ಒತ್ತಿದ್ದಾರೆ. ಕನ್ನಡ ಒತ್ತಿ ತಮಿಳು ಮಾತಾಡಿದ್ರೆ ಅದು ನಮ್ಮ ತಪ್ಪಾ?"

ಸೆಲ್ವಿ ಕೇಳಿದಳು: "ತಮಿಳಿಗೆ ಎಷ್ಟು ಒತ್ತಬೇಕು ಸಾರ್?"

"ತಮಿಳು ಇಲ್ಲ."

"ಮತ್ತೆ ನಾನು ಇನ್ನೇನು ಒತ್ತಲಿ?"

"ಅದಕ್ಕೇ ಹೇಳೋದು, ಕನ್ನಡ ಒತ್ತಿದ ಮೇಲೆ ಕನ್ನಡದಲ್ಲೇ ಇರಬೇಕು."

"ಸಾರ್, ವೇಳೆ ಇಲ್ಲ ಅನ್ನೋಳು ಬೆಳಿಗ್ಗೆಯಿಂದ ನಿಮ್ಮ ಬೆಂಚ್ ಮೇಲೆ ಯಾಕೆ ಕೂತವ್ಳೆ? ಅದ್ನೂ ಬರ್ಕೊಳಿ."

ಮೂರ್ತಿ ನಕ್ಕರು. ಒಳ್ಳೆಯ ಮಾತಿಗೆ ನಗುವಷ್ಟು ಬುದ್ಧಿ ಅವರಿಗಿತ್ತು, ಅದರ ಮುಂದಿನ ಬುದ್ಧಿ ಇರಲಿಲ್ಲ. ಕೊನೆಗೆ ದೊಡ್ಡ ಮನಸ್ಸು ಮಾಡಿ ಒಂದು ದಾರಿ ತೋರಿಸಿದರು: ಮುಂದಿನ ತಂಡದ ತರಬೇತಿಗೆ ಸೇರಿ, ಒಂದು ದಿನವೂ ತಪ್ಪದೆ ಮುಗಿಸಿದರೆ, ನಿರಾಕರಣೆ ಎಂಬುದನ್ನು ತೆಗೆಯಲು ಮೇಲಿನವರಿಗೆ ಬರೆಯಬಹುದು. ಒಂದು ದಿನ ತಪ್ಪಿದರೂ ನಿರಾಕರಣೆ ಹಾಗೇ ಉಳಿಯುತ್ತದೆ. ಆಡದ ಮಾತಿಗೆ ಅವಳು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು.

ತರಬೇತಿ ಕೇಂದ್ರ ಬಂಗಾರಪೇಟೆಯಲ್ಲಿ, ಸಿಮೆಂಟ್ ಅಂಗಡಿಯ ಮಹಡಿಯ ಮೇಲೆ. ಸೆಲ್ವಿ ಚಾಂಪಿಯನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬರುತ್ತಿದ್ದಳು. ಕಲಿಸುತ್ತಿದ್ದುದು ದೊಡ್ಡ ಅಂಗಡಿಗಳಲ್ಲಿ ಗಿರಾಕಿಗಳನ್ನು ಮಾತಾಡಿಸುವುದು. ತಂತಿ ಕಟ್ಟುವ ಕಾರ್ಖಾನೆಯ ಪಟ್ಟಿಗೆ ಸೇರಲು ಶಾಂಪೂ ಮಾರುವುದನ್ನು ಕಲಿಯಬೇಕು. ಯಾಕೆ ಎಂದು ಕೇಳಿದ್ದಕ್ಕೆ, ಈ ತಾಲ್ಲೂಕಿಗೆ ಮಂಜೂರಾದ ತರಬೇತಿ ಇದೊಂದೇ ಎಂದರಂತೆ. ಖಾಲಿ ಡಬ್ಬಿಗಳನ್ನು ಹಲಗೆಯ ಮೇಲೆ ಜೋಡಿಸಿ, ಅಂಬರೀಶ್ ಎಂಬ, ಇನ್ನೂ ಮೀಸೆ ಚಿಗುರದ ಹುಡುಗ ದೊಡ್ಡವನಂತೆ ಗಂಭೀರವಾಗಿ, ಹೇಗೆ ನಗಬೇಕೆಂದು ಕಲಿಸುತ್ತಿದ್ದ. ಎಲ್ಲರನ್ನೂ ಆಂಟಿ ಅನ್ನುತ್ತಿದ್ದ. ಹಲ್ಲು ಸ್ವಲ್ಪ ಕಾಣಬೇಕು, ತುಂಬಾ ಕಾಣಬಾರದು. ಸೆಲ್ವಿ ನನ್ನ ಮನೆಗೆ ಬಂದು ಆ ನಗುವನ್ನು ಮಾಡಿ ತೋರಿಸಿ, "ಪಾಪಕ್ಕ ಇಂಗೆ ನಕ್ಕಿದ್ರೆ ಯಾರೂ ಇಟ್ಟು ಬೀಸ್ಕೊಳ್ತಿರಲಿಲ್ಲ. ತೂಕದಾಗೆ ಏನೋ ಮಾಡವ್ಳೆ ಅನ್ನೋರು," ಅಂದಳು.

ಹಾಜರಿಗೆ ಬೆಳಿಗ್ಗೆ ಬಂದಾಗ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಮೊಬೈಲಿನ ಕ್ಯಾಮರಾಗೆ ಮುಖ ಕೊಡಬೇಕು. ನಡುವೆ ಏನು ಕಲಿತರು ಎಂದು ಯಾರೂ ಕೇಳುತ್ತಿರಲಿಲ್ಲ. ಬೇಕಾದದ್ದು ಎರಡು ಮುಖ.

ತರಬೇತಿ ಮುಗಿಯಲು ಸ್ವಲ್ಪ ದಿನ ಇರುವಾಗ ಬೆಂಗಳೂರಿನಿಂದ ಮೇಲಧಿಕಾರಿಯೊಬ್ಬರು ಕೇಂದ್ರ ನೋಡಲು ಬಂದರು. ಅವರು ಕೊಳ್ಳೇಗಾಲದ ಆಚೆಯವರು, ತಮಿಳು ಬರುತ್ತಿತ್ತು. ಸೆಲ್ವಿ ಎದ್ದು ನಿಂತು ತನ್ನ ಸಂಗತಿ ಹೇಳಿದಳು. ಅವರಿಗೆ ಅರ್ಥವಾಗಲು ಲಕೋಟೆ ಬೇಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಲ್ಲಿಂದಲೇ ಮೂರ್ತಿಗೆ ಫೋನು ಮಾಡಿದರು. ಸೀನುವಷ್ಟು ಹೊತ್ತಿನಲ್ಲಿ ನಿರಾಕರಣೆ ಹೋಯಿತು, ಪಟ್ಟಿಯಲ್ಲಿ ಹೆಸರು ಬಂತು. ತಿಂಗಳುಗಟ್ಟಲೆ ಆಗದಿದ್ದ ಕೆಲಸ ಇಷ್ಟು ಸುಲಭದ್ದು ಎಂದು ಅವರಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಆಮೇಲೆ ಭಾಷಣದಲ್ಲಿ ಅದನ್ನೇ ಜೋಕಾಗಿ ಹೇಳಿದರು. ಎಲ್ಲರೂ ನಕ್ಕರು. ಸೆಲ್ವಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹೊರಡುವಾಗ, "ತರಬೇತಿ ಮಾತ್ರ ಪೂರ್ತಿ ಮಾಡಮ್ಮ, ಹಾಜರಿ ಕಮ್ಮಿಯಾದ್ರೆ ನಾನೂ ಏನೂ ಮಾಡೋಕಾಗಲ್ಲ," ಎಂದು ಎಚ್ಚರಿಸಿದರು. ತಮ್ಮ ಕೈಯಲ್ಲಿ ಏನಾಗುತ್ತದೆ ಎಂದು ಈಗಷ್ಟೇ ತೋರಿಸಿದವರ ಮಾತು ಇದು.

ಅವತ್ತು ಸೆಲ್ವಿ ಶಾಲೆಯ ಗೇಟಿಗೇ ಬಂದು ನನ್ನನ್ನು ಎಳೆದುಕೊಂಡು ಹೋಗಿ ಪಾನಿಪುರಿ ತಿನ್ನಿಸಿದಳು.

"ಲೇ ವಾಣಿ, ಇನ್ಮೇಲೆ ನಿನ್ನ ಳ ನಂಗೆ ಬೇಡ. ನೀನೇ ಮಡಿಕ್ಕೊ."

"ಮಕ್ಕಳಿಗೆ ಹೇಳಿಕೊಡಲಾ?"

"ಏಳ್ಕೊಡು. ಎಲ್ಲಾರ್ಗೂ ಏಳ್ಕೊಡು. ಫೋನಾಗೆ ಮಾತಾಡೋ ಆ ಉಡುಗೀಗೆ ಮೊದ್ಲು ಏಳ್ಕೊಡು."

ಹೊಸ ಕಾರ್ಖಾನೆಯ ಬಸ್ಸು ಲೈನಿಗೇ ಬರುತ್ತದೆ, ಕಿಟಕಿಯ ಸೀಟು ತನ್ನದು, ಅಲ್ಲಿಯ ಹುಡುಗಿಯರಿಗೆ ಟೇಪು ಸುತ್ತುವುದನ್ನು ತಾನೇ ಕಲಿಸುತ್ತೇನೆ ಎಂದೆಲ್ಲ ಹೇಳಿದಳು. ಖಾರದ ನೀರಿಗೆ ಅವಳ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳದೆ ಇನ್ನೊಂದು ಪ್ಲೇಟ್ ಹೇಳಿದಳು.

ತರಬೇತಿಯ ಕೊನೆಯ ವಾರದಲ್ಲಿ ಅವಳಿಗೆ ಜ್ವರ ಬಂತು. ಮೈಕೈ ಮುರಿಯುವ ನೋವು, ಕಣ್ಣಿನ ಹಿಂದೆ ಸಿಡಿತ. ಮುನಿರಾಜ್, "ಇವತ್ತು ಓಗ್ಬೇಡ," ಅಂದ.

"ಓಗ್ದಿದ್ರೆ ಮತ್ತೆ ವೇಳೆ ಇಲ್ದೋಳು ಆಗ್ತೀನಿ ಕಣಯ್ಯ."

"ಆಗು. ಸಾಯ್ತೀಯಾ ಅದ್ಕೆ?"

"ಇನ್ನು ನಾಲ್ಕು ದಿನ. ಆಮೇಲೆ ಬಿದ್ಕೊಂತೀನಿ."

ಅವನು ಆಟೋದಲ್ಲಿ ಸ್ಟೇಷನ್ನಿಗೆ ಬಿಟ್ಟು ಬಂದ. ಅಂಬರೀಶ್ ಅವಳ ಮುಖ ನೋಡಿ ಹೆದರಿದ. ಕೆಟ್ಟವನಲ್ಲ ಅವನು. "ಆಂಟಿ, ಬೆಳಿಗ್ಗೆ ಮುಖ ಕೊಟ್ಟು ಕೆಳಗೆ ಎಲ್ಲಾದ್ರೂ ಮಲ್ಕೊಳಿ, ಸಂಜೆ ಬಂದು ಕೊಡಿ, ನಾನು ಯಾರಿಗೂ ಹೇಳಲ್ಲ," ಅಂದನಂತೆ. ಅವನ ಅಧಿಕಾರದಲ್ಲಿ ಇದ್ದ ಕರುಣೆ ಅಷ್ಟು. ಅವಳು ಮೂರು ದಿನ ಎರಡು ಮುಖಗಳ ನಡುವಿನ ಹೊತ್ತನ್ನು ಸಿಮೆಂಟ್ ಅಂಗಡಿಯಲ್ಲಿ, ಮೂಟೆಗಳ ಮೇಲೆ ಸೆರಗು ಹಾಸಿಕೊಂಡು ಕಳೆದಳು. ಮೂರನೆಯ ದಿನ ನನಗೆ ತಿಳಿದು ಶಾಲೆಯಿಂದ ಓಡಿಹೋದಾಗ ಅವಳ ಕೂದಲು, ಹುಬ್ಬು, ಎಲ್ಲವೂ ಬೂದು ಬಣ್ಣ. "ನೋಡೇ, ಮುದುಕಿ ಆಗೋದೆ," ಅಂದಳು. ಆಸ್ಪತ್ರೆಗೆ ನಡಿ ಎಂದೆ. ಸಂಜೆಯ ಮುಖ ಕೊಟ್ಟೇ ಹೊರಡುತ್ತೇನೆ ಎಂದು ಹಟ ಹಿಡಿದಳು. ಮೆಟ್ಟಿಲು ಹತ್ತಿ ಕೊಟ್ಟಳು. ಇಳಿಯುವಾಗ ಬಿದ್ದಳು.

ಡೆಂಗ್ಯೂ ಎಂದರು. ಕೋಲಾರದ ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು, ಅವರ ಮೇಲೆ ನನ್ನದೇನೂ ಮಾತಿಲ್ಲ. ತಡವಾಗಿ ತಂದಿರಿ ಎಂದು ಒಬ್ಬ ಡಾಕ್ಟರು ಮೆಲ್ಲಗೆ ಹೇಳಿದರು. ವಾರ ಮುಗಿಯುವ ಮೊದಲೇ ಸೆಲ್ವಿ ಹೋದಳು.

ಸೊಳ್ಳೆ ಯಾರನ್ನು ಬೇಕಾದರೂ ಕಚ್ಚುತ್ತದೆ ಎಂದು ಸಮಾಧಾನ ಹೇಳಲು ಮೂರ್ತಿಯವರು ಬಂದಿದ್ದರು. ಕಚ್ಚುತ್ತದೆ, ನಿಜ. ಆದರೆ ಜ್ವರ ಬಂದವಳು ಮನೆಯಲ್ಲಿ ಮಲಗಬಾರದು ಎಂದು ಆಜ್ಞೆ ಮಾಡಿದ್ದು ಸೊಳ್ಳೆಯಲ್ಲ. ಅದನ್ನು ನಾನು ಅವರಿಗೆ ಹೇಳಿದೆ. ಅವರು ತುಂಬಾ ಮರ್ಯಾದೆಯಿಂದ ತಲೆಯಾಡಿಸಿದರು.

ಹೊಸ ಕಾರ್ಖಾನೆ ಶುರುವಾದ ವಾರ ನಾನೂ ಮುನಿರಾಜ್‌ನೂ ಅವನ ಆಟೋದಲ್ಲಿ ಬಂಗಾರಪೇಟೆಯ ಆ ರಸ್ತೆಯಲ್ಲಿ ಬರುತ್ತಿದ್ದೆವು. ಸಿಮೆಂಟ್ ಅಂಗಡಿಯ ಮೇಲೆ, ಮಹಡಿಯ ಅಗಲಕ್ಕೂ ಒಂದು ಫ್ಲೆಕ್ಸು. ತರಬೇತಿ ಪಡೆದು ಬದುಕು ಕಟ್ಟಿಕೊಂಡವರು ಎಂದು ದಪ್ಪ ಅಕ್ಷರ. ಸುತ್ತ ಹೆಂಗಸರ ಚಿಕ್ಕ ಚಿಕ್ಕ ಮುಖಗಳು. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಮೇಲಧಿಕಾರಿ ಮತ್ತು ಸೆಲ್ವಿ. ಅವಳ ಹೆಸರಿನ ಕೆಳಗೆ, "ಈಗ ಉದ್ಯೋಗದಲ್ಲಿದ್ದಾರೆ."

ಮುನಿರಾಜ್ ಆಟೋ ನಿಲ್ಲಿಸಿ ಮೆಟ್ಟಿಲು ಹತ್ತಿದ. ನಾನು ಹಿಂದೆ ಹೋದೆ.

"ಇಳಿಸು ಅದನ್ನ," ಅಂದ.

ಅಂಬರೀಶ್ ಎದ್ದು ನಿಂತ. "ಅಣ್ಣ, ಪ್ರಿಂಟ್ ಮೊದ್ಲೇ ಆಗೋಗಿತ್ತು. ಆಂಟಿ ಇದ್ದಾಗ್ಲೇ ಕೊಟ್ಟಿದ್ದು."

"ಈಗ ಇಲ್ಲ ಅಲ್ಲೇನ್ಲಾ?"

"ಪಟ್ಟಿಯಾಗೆ ಇದ್ದಾರೆ ಅಣ್ಣ. ಪಟ್ಟಿಯಾಗೆ ಇರೋರನ್ನೆಲ್ಲ ಕೆಲ್ಸ ಸಿಕ್ಕಿದೋರು ಅಂತ್ಲೇ ಕಳಿಸಾಗೈತೆ. ತೆಗೀಬೇಕಂದ್ರೆ ಮೇಲಿನೋರ್ನ ಕೇಳ್ಬೇಕು."

"ಕೇಳು. ನೀನು ಕೇಳ್ತಾ ಇರು."

ಮುನಿರಾಜ್ ಕೆಳಗಿಳಿದು ಸಿಮೆಂಟ್ ಅಂಗಡಿಯವನಿಂದ ಮೂಟೆ ಕೊಯ್ಯುವ ಬ್ಲೇಡು ಇಸಕೊಂಡು ಬಂದ. ಕಂಬಿಗೆ ಕಟ್ಟಿದ ಹಗ್ಗಗಳನ್ನು ಒಂದೊಂದಾಗಿ ಕುಯ್ದಾಗ ಫ್ಲೆಕ್ಸು ರಸ್ತೆಗೆ ಬಿತ್ತು. ಅಂಬರೀಶ್ ತಡೆಯಲಿಲ್ಲ, ಕೆಳಗೆ ಬಂದು ಸುರುಳಿ ಸುತ್ತಲು ಒಂದು ತುದಿ ಹಿಡಿದುಕೊಂಡ.

ಅದನ್ನು ಚಾಂಪಿಯನ್ನಿಗೆ ತಂದು ಬೀದಿಯಲ್ಲೇ ಬಿಡಿಸಿದೆವು. ಮುನಿರಾಜ್ ಸೆಲ್ವಿಯ ಮುಖವನ್ನು ಅಂಚು ಹರಿಯದಂತೆ ನಿಧಾನವಾಗಿ ಕತ್ತರಿಸಿ ಒಳಗೆ ತೆಗೆದುಕೊಂಡು ಹೋದ. ಅವಳ ಹೆಸರನ್ನೂ, ಹೆಸರಿನ ಕೆಳಗಿದ್ದ ಮಾತನ್ನೂ ಒಲೆಗೆ ಹಾಕಿದ. ಮಿಕ್ಕದ್ದನ್ನು, ಅಂದರೆ ಅಧಿಕಾರಿಯನ್ನೂ ದಪ್ಪ ಅಕ್ಷರಗಳನ್ನೂ, ಮನೆಯ ಹಿಂದಿನ ಬಚ್ಚಲಿನ ಮೇಲೆ ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಹೇರಿದ. ಅಲ್ಲಿಯ ಶೀಟು ಒಡೆದು ಬಹಳ ದಿನವಾಗಿತ್ತು. ಮಳೆ ಬಂದಾಗ ಆ ಅಧಿಕಾರಿಯ ಕೊರಳಿನ ಹತ್ತಿರ ನೀರು ತುಂಬಿ ಜೋತುಬೀಳುತ್ತದೆ. ಮುನಿರಾಜ್ ಸ್ನಾನಕ್ಕೆ ಹೋದಾಗ ಒಳಗಿನಿಂದ ಕೋಲಿನಲ್ಲಿ ತಿವಿದು ಅದನ್ನು ಹೊರಗೆ ಚೆಲ್ಲುತ್ತಾನೆ.